ಗೋಲ್ ಆಯ್ತಲ್ಲ, ಮತ್ತೆ ಯಾಕೆ ನಿಂತಿದ್ದಾರೆ? ಐಸ್ ಹಾಕಿಯ ವಿಡಿಯೊ ರಿವ್ಯೂ, ಕೋಚ್ ಚಾಲೆಂಜ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸೋಮವಾರಪೇಟೆಯಿಂದ ಚಿಕ್ಕಪ್ಪ ನಮ್ಮ ಮನೆಗೆ ಬಂದದ್ದು ಏಪ್ರಿಲ್‌ನಲ್ಲಿ. ಟೊರೊಂಟೊ ಸುತ್ತಮುತ್ತ ಏಪ್ರಿಲ್ ಅಂದರೆ ಎರಡೇ ಮಾತು: ಇನ್ನೂ ಬಿಡದ ಚಳಿ, ಆಗಲೇ ಶುರುವಾದ ಹಾಕಿ ಪ್ಲೇಆಫ್. ಚಿಕ್ಕಪ್ಪ ಕಾಲೇಜಿನಲ್ಲಿ ಹಾಕಿ ಆಡಿದವರು. ಅದು ಮಣ್ಣಿನ ಮೈದಾನದ ಹಾಕಿ. ಇದು ಮಂಜಿನದ್ದು. ಆದರೂ ಸೋಫಾದ ಮೇಲೆ ಕಾಲು ಮಡಿಸಿ ಕೂತು, ಕಾಫಿ ಲೋಟ ಹಿಡಿದು ನೋಡುತ್ತಿದ್ದರು. ಗೋಲ್ ಬಿತ್ತು. ಕೆಂಪು ದೀಪ ಹತ್ತಿತು, ಹಾರ್ನ್ ಹೊಡೆಯಿತು, ಆಟಗಾರರು ತಬ್ಬಿಕೊಂಡರು. ಆಮೇಲೆ ಎಲ್ಲರೂ ಸುಮ್ನೆ ನಿಂತುಬಿಟ್ಟರು. ಒಂದು ನಿಮಿಷ ಆಯಿತು, ಎರಡಾಯಿತು, ಮೂರಾಯಿತು.

"ಗೋಲ್ ಆಯ್ತಲ್ಲ ಮಾರಾಯ, ಮತ್ತೆ ಯಾಕೆ ನಿಂತಿದ್ದಾರೆ?" ಅಂತ ಚಿಕ್ಕಪ್ಪ ಕೇಳಿದರು. ನಾನು ಬಾಯಿ ತೆಗೆಯುವುದರೊಳಗೆ ರೆಫರಿ ಮೈಕ್ ಒತ್ತಿ ಗೋಲ್ ಇಲ್ಲ ಅಂದ. ಚಿಕ್ಕಪ್ಪನ ಕಾಫಿ ಅಷ್ಟರಲ್ಲಿ ಆರಿಹೋಗಿತ್ತು.

ಅವತ್ತಿನಿಂದ ಅವರು ಕೇಳಿದ್ದು, ಆಮೇಲೆ ಗೆಳೆಯರು ಕೇಳಿದ್ದು, ಎಲ್ಲ ಸೇರಿಸಿ ಇಲ್ಲಿ ಬರೆದಿದ್ದೇನೆ.

ಇದು ನಮ್ಮ ಹಾಕೀನಾ, ಬೇರೇನಾ?

ಬೇರೆ. ಇಲ್ಲಿ ಹೇಳುತ್ತಿರುವುದು ಅಮೆರಿಕ, ಕೆನಡಾ ತಂಡಗಳು ಆಡುವ ಎನ್‌ಎಚ್‌ಎಲ್ ಲೀಗ್‌ನ ಐಸ್ ಹಾಕಿ. ಮೈದಾನಕ್ಕೆ ರಿಂಕ್ ಅನ್ನುತ್ತಾರೆ, 200 ಅಡಿ ಉದ್ದ, 85 ಅಡಿ ಅಗಲ. ಗೋಲಿ, ಅಂದರೆ ಗೋಲ್‌ಕೀಪರ್ ಕೂಡ ಸೇರಿ ಒಂದು ಕಡೆಗೆ ಆರು ಜನ. ಚೆಂಡಿನ ಬದಲು ಪಕ್ ಅನ್ನುವ ಕಪ್ಪು ರಬ್ಬರ್ ಬಿಲ್ಲೆ. 20 ನಿಮಿಷದ ಮೂರು ಪೀರಿಯಡ್. ತಪ್ಪು ಮಾಡಿದವನು ಎರಡು ನಿಮಿಷ ಹೊರಗೆ ಕೂರಬೇಕು, ಅಷ್ಟು ಹೊತ್ತು ಅವನ ತಂಡ ಒಬ್ಬ ಕಮ್ಮಿ ಇಟ್ಟುಕೊಂಡು ಆಡಬೇಕು. ಎದುರಿನವರಿಗೆ ಅದು ಪವರ್ ಪ್ಲೇ. ಈ ಎರಡು ನಿಮಿಷದ ವಿಷಯ ನೆನಪಿಡಿ, ಮುಂದೆ ಬೇಕಾಗುತ್ತದೆ.

ವಿಡಿಯೊ ರಿವ್ಯೂ, ಕೋಚ್ ಚಾಲೆಂಜ್ ಎರಡೂ ಒಂದೇನಾ?

ಅಲ್ಲ. ಜಾಸ್ತಿ ಜನ ಗೊಂದಲ ಮಾಡಿಕೊಳ್ಳುವುದು ಇಲ್ಲೇ.

ಪಕ್ ಗೋಲ್ ಗೆರೆಯನ್ನು ಪೂರ್ತಿ ದಾಟಿತಾ, ಕಾಲಿನಿಂದ ಒದ್ದರಾ, ಕೈಯಿಂದ ತಳ್ಳಿದರಾ, ಗೋಲ್ ಕಂಬ ಮೊದಲೇ ಕದಲಿತ್ತಾ, ಸಮಯ ಮುಗಿದಿತ್ತಾ? ಇಂಥವನ್ನು ಟೊರೊಂಟೊದಲ್ಲಿರುವ ಲೀಗ್‌ನ ಸಿಚುಯೇಷನ್ ರೂಮ್ ತಾನಾಗಿಯೇ ನೋಡುತ್ತದೆ. ಯಾರೂ ಕೇಳಬೇಕಾಗಿಲ್ಲ. ಲೀಗ್‌ನ ಎಲ್ಲ ಪಂದ್ಯಗಳೂ ಅಲ್ಲಿನ ಪರದೆಗಳ ಮೇಲೆ ಓಡುತ್ತಿರುತ್ತವೆ. ಎನ್‌ಎಚ್‌ಎಲ್‌ಗೆ ವಿಡಿಯೊ ಬಂದದ್ದೇ ಈ ಕೆಲಸಕ್ಕೆ, 1991-92ರ ಸೀಸನ್‌ನಲ್ಲಿ. ಇದರ ಬಗ್ಗೆ ದೊಡ್ಡ ತಕರಾರು ಯಾರದ್ದೂ ಇಲ್ಲ.

ಕೋಚ್ ಚಾಲೆಂಜ್ ಬಂದದ್ದು 2015-16ರಲ್ಲಿ. ಇಲ್ಲಿ ಕೋಚ್ ತಾನೇ ರೆಫರಿಯನ್ನು ಕರೆದು "ಇದನ್ನು ನೋಡಿ" ಅನ್ನಬೇಕು. ಜಗಳ ಇರುವುದೆಲ್ಲ ಇದರ ಮೇಲೆ.

ಕೋಚ್ ಏನೇನನ್ನು ಪ್ರಶ್ನಿಸಬಹುದು?

ಶುರುವಿನಲ್ಲಿ ಎರಡೇ ಇತ್ತು: ಗೋಲ್‌ಗೆ ಮೊದಲು ಆಫ್‌ಸೈಡ್ (ಎದುರಾಳಿಯ ಭಾಗ ಶುರುವಾಗುವ ಬ್ಲೂ ಲೈನ್ ಅನ್ನುವ ಗೆರೆಯನ್ನು ಪಕ್ಕಿಗಿಂತ ಮೊದಲೇ ಆಟಗಾರ ದಾಟುವುದು) ಆಗಿತ್ತು ಅನ್ನುವುದು, ಗೋಲಿಗೆ ಅಡ್ಡಿ ಮಾಡಿದರು ಅನ್ನುವುದು. ಎರಡನೆಯದನ್ನು ಗೋಲ್ ಹೊಡೆದ ತಂಡವೂ ಕೇಳಬಹುದು. ಅಂದರೆ ಅಡ್ಡಿ ಆಯಿತು ಅಂತ ರೆಫರಿ ಗೋಲ್ ಕೊಡದೆ ಹೋದರೆ, "ಅಡ್ಡಿ ಎಲ್ಲಿ ಆಯಿತು, ತೋರಿಸಿ" ಅನ್ನಬಹುದು.

2019-20ರಲ್ಲಿ ಮೂರನೆಯದು ಸೇರಿತು. ಆಟ ನಿಲ್ಲಿಸಬೇಕಿತ್ತು, ರೆಫರಿ ನೋಡಲಿಲ್ಲ, ಅದರಿಂದ ಗೋಲ್ ಆಯಿತು ಅನ್ನುವುದು. ಪಕ್ ಮೇಲಿನ ಬಲೆಗೆ ತಾಗಿತ್ತು, ಕೈಯಲ್ಲಿ ತಳ್ಳಿ ಪಾಸ್ ಕೊಟ್ಟರು, ಈ ಥರದ್ದು.

2024-25ರಲ್ಲಿ ನಾಲ್ಕನೆಯದು. ತನ್ನ ಗೋಲ್ ಇರುವ ಭಾಗದಿಂದ ಆಟಗಾರ ಪಕ್ಕನ್ನು ನೇರವಾಗಿ ಗಾಜಿನ ಗೋಡೆ ಮೇಲಿಂದ ಹೊರಗೆ ಹೊಡೆದರೆ ಎರಡು ನಿಮಿಷ ಪೆನಾಲ್ಟಿ. ಪಕ್ ಯಾರಿಗಾದರೂ ತಾಗಿ ಹೋಗಿದ್ದರೆ ಪೆನಾಲ್ಟಿ ಇಲ್ಲ. ತಾಗಿತಾ ಇಲ್ಲವಾ ಎಂಬುದನ್ನು ಈಗ ಪ್ರಶ್ನಿಸಬಹುದು.

ಇದನ್ನು ತಂದದ್ದಾದರೂ ಯಾಕೆ? ಮೊದಲು ಆಟ ನಡೀತಿರಲಿಲ್ವಾ?

ನಡೆಯುತ್ತಿತ್ತು. ಜೊತೆಗೆ ಹಳೇ ಗಾಯಗಳೂ ಸೇರುತ್ತಾ ಹೋಗುತ್ತಿದ್ದವು. ಹಾಕಿ ಊರುಗಳಲ್ಲಿ ಇವನ್ನು ಮೂರು ತಲೆಮಾರಿನ ಆಸ್ತಿ ಜಗಳದ ಥರ ನೆನಪಿಟ್ಟುಕೊಂಡಿರುತ್ತಾರೆ.

1980ರ ಮೇ 24. ಲೀಗ್ ಗೆದ್ದವರಿಗೆ ಸಿಗುವ ಸ್ಟ್ಯಾನ್ಲಿ ಕಪ್‌ನ ಫೈನಲ್, ಅದರ ಆರನೇ ಪಂದ್ಯ, ನ್ಯೂಯಾರ್ಕ್ ಐಲ್ಯಾಂಡರ್ಸ್ ಮತ್ತು ಫಿಲಡೆಲ್ಫಿಯಾ ಫ್ಲೈಯರ್ಸ್. ಐಲ್ಯಾಂಡರ್ಸ್ ಒಂದು ಗೋಲ್ ಹೊಡೆಯುವ ಮೊದಲು ಪಕ್ ಬ್ಲೂ ಲೈನ್ ಆಚೆ ಹೋಗಿ ವಾಪಸ್ ಬಂದಿತ್ತು, ಸ್ಪಷ್ಟ ಆಫ್‌ಸೈಡ್. ಲೈನ್ಸ್‌ಮನ್ ಲಿಯಾನ್ ಸ್ಟಿಕಲ್ ಕೈ ಎತ್ತಲಿಲ್ಲ. ಐಲ್ಯಾಂಡರ್ಸ್ 5-4ರಲ್ಲಿ ಗೆದ್ದು ಕಪ್ ಒಯ್ದರು. ತಪ್ಪಾಯಿತು ಅಂತ ಸ್ಟಿಕಲ್ ಆಮೇಲೆ ಒಪ್ಪಿಕೊಂಡರು. ಫಿಲಡೆಲ್ಫಿಯಾದ ಹಳಬರು ಇವತ್ತಿಗೂ ಆ ಹೆಸರು ಬಿಟ್ಟಿಲ್ಲ.

1999ರ ಜೂನ್‌ನಲ್ಲಿ ಡಲ್ಲಾಸ್ ಮತ್ತು ಬಫಲೊ ಫೈನಲ್‌ನಲ್ಲಿ ಇದಕ್ಕಿಂತ ದೊಡ್ಡದು ನಡೆಯಿತು. ಮೂರನೇ ಓವರ್‌ಟೈಮ್, ಮಧ್ಯರಾತ್ರಿ ದಾಟಿದೆ. ಡಲ್ಲಾಸ್‌ನ ಬ್ರೆಟ್ ಹಲ್ ಗೋಲ್ ಹೊಡೆದ, ಪಂದ್ಯವೂ ಕಪ್ಪೂ ಮುಗಿಯಿತು. ಆದರೆ ಅವನ ಒಂದು ಸ್ಕೇಟು ಗೋಲಿಯ ಮುಂದಿನ ಕ್ರೀಸ್ ಒಳಗಿತ್ತು. ಆ ವರ್ಷ ಕ್ರೀಸ್‌ಗೆ ಕಾಲಿಟ್ಟರೆ ಗೋಲ್ ಇಲ್ಲ ಅನ್ನುವ ನಿಯಮ ಕಟ್ಟುನಿಟ್ಟಾಗಿತ್ತು, ವಿಡಿಯೊ ನೋಡಿ ಎಷ್ಟೋ ಗೋಲ್ ಅಳಿಸಿದ್ದರು. ಪಕ್ ಅಷ್ಟು ಹೊತ್ತೂ ಹಲ್‌ನ ಹತೋಟಿಯಲ್ಲೇ ಇತ್ತು, ಹಾಗಾಗಿ ಸರಿ ಅಂತ ಲೀಗ್ ಹೇಳಿತು. ಬಫಲೊ ಊರು ಒಪ್ಪಲಿಲ್ಲ. ಮುಂದಿನ ಸೀಸನ್‌ಗೆ ಆ ನಿಯಮವನ್ನೇ ಸಡಿಲ ಮಾಡಿದರು. ವಿಡಿಯೊ ಇದ್ದೂ ಈ ಗಲಾಟೆ ಆಯಿತು ಅನ್ನುವುದನ್ನು ಗಮನಿಸಿ.

ಕೊನೆಯದು 2013ರ ಫೆಬ್ರವರಿ 18. ಕೊಲರಾಡೊದ ಮ್ಯಾಟ್ ಡುಶೇನ್ ನ್ಯಾಶ್‌ವಿಲ್ ವಿರುದ್ಧ ಎಷ್ಟು ಆಫ್‌ಸೈಡ್ ಇದ್ದ ಅಂದರೆ, ಹಾಕಿ ಗೊತ್ತಿಲ್ಲದವರಿಗೂ ಕಾಣುವಷ್ಟು. ವಿಷಲ್ ಬರಲೇ ಇಲ್ಲ. ಅವನು ಹೋಗಿ ಗೋಲ್ ಹೊಡೆದ, ತಂಡ 6-5ರಲ್ಲಿ ಗೆದ್ದಿತು. ಚಾಲೆಂಜ್ ಬೇಕೇ ಬೇಕು ಅನ್ನುವವರೆಲ್ಲ ಎತ್ತಿ ತೋರಿಸುತ್ತಿದ್ದದ್ದು ಈ ಗೋಲನ್ನೇ. ಎರಡು ವರ್ಷ ಬಿಟ್ಟು ಚಾಲೆಂಜ್ ಬಂತು.

ನನ್ನ ತಕರಾರು ಇಲ್ಲಿಂದಲೇ ಶುರು. ಮೀಟರ್‌ಗಟ್ಟಲೆ ತಪ್ಪನ್ನು ಹಿಡಿಯೋಕೆ ತಂದ ಸಾಧನ ಇದು. ಈಗ ಅದನ್ನು ಬೆರಳಗಲದ ತಪ್ಪು ಹುಡುಕೋಕೆ ಬಳಸುತ್ತಿದ್ದಾರೆ.

ಚಾಲೆಂಜ್ ಸೋತರೆ ಏನಾಗುತ್ತದೆ?

ಮೊದಲ ಎರಡು ಸೀಸನ್ ಇದು ಅಗ್ಗವಾಗಿತ್ತು. ಸೋತರೆ ಒಂದು ಟೈಮ್‌ಔಟ್ ಹೋಗುತ್ತಿತ್ತು, ಅಷ್ಟೇ. ಕೋಚ್‌ಗಳು ಸಂಶಯ ಬಂದದ್ದಕ್ಕೆಲ್ಲ ಕೇಳತೊಡಗಿದರು. 2017-18ರಿಂದ ಆಫ್‌ಸೈಡ್ ಚಾಲೆಂಜ್ ಸೋತರೆ ಎರಡು ನಿಮಿಷ ಪೆನಾಲ್ಟಿ ಹಾಕಿದರು. 2019-20ರಿಂದ ಎಲ್ಲ ಚಾಲೆಂಜ್‌ಗೂ ಅದೇ ನಿಯಮ. ಮೊದಲ ಸಲ ಸೋತರೆ ಎರಡು ನಿಮಿಷ, ಅದೇ ಪಂದ್ಯದಲ್ಲಿ ಮತ್ತೆ ಸೋತರೆ ಪ್ರತಿ ಸಲ ನಾಲ್ಕು ನಿಮಿಷ. ಇಷ್ಟೇ ಸಲ ಕೇಳಬೇಕು ಅನ್ನುವ ಮಿತಿ ಇಲ್ಲ. ಧೈರ್ಯ ಇದ್ದಷ್ಟು ಕೇಳಬಹುದು.

ಅಂದರೆ ಗೋಲ್ ತಿಂದ ತಂಡವೇ ಮತ್ತೆ ಒಬ್ಬನನ್ನು ಕಳೆದುಕೊಂಡು ಆಡಬೇಕು. ಗಾಯದ ಮೇಲೆ ಬರೆ ಎಳೆದಂತೆ.

ಹಾಗಾದರೆ ಕೋಚ್‌ಗಳು ಖಚಿತ ಇದ್ದಾಗ ಮಾತ್ರ ಕೇಳಬೇಕು, ಅಲ್ವಾ?

ಹಾಗೆ ಅನ್ನಿಸುತ್ತದೆ. ಒಂದು ಸಲ ಕಾಗದ ತಗೊಂಡು ಲೆಕ್ಕ ಹಾಕಿ ನೋಡೋಣ. ಎನ್‌ಎಚ್‌ಎಲ್‌ನಲ್ಲಿ ಸುಮಾರಾಗಿ ಐದು ಪವರ್ ಪ್ಲೇಗೆ ಒಂದು ಗೋಲ್ ಬೀಳುತ್ತದೆ. ಒಬ್ಬ ಕೋಚ್ ಹತ್ತು ಸಲ ಚಾಲೆಂಜ್ ಮಾಡಿ ಎರಡೇ ಸಲ ಗೆದ್ದ ಅಂದುಕೊಳ್ಳಿ. ಎರಡು ಗೋಲ್ ಅಳಿಸಿಹೋದವು. ಸೋತ ಎಂಟಕ್ಕೆ ಎಂಟು ಪೆನಾಲ್ಟಿ, ಐದಕ್ಕೊಂದರಂತೆ ಒಂದೂವರೆ ಗೋಲ್ ಚಿಲ್ಲರೆ ತಿಂದ. ಉಳಿಸಿದ್ದು ಎರಡು, ಕಳೆದದ್ದು ಎರಡಕ್ಕಿಂತ ಕಮ್ಮಿ. ಹತ್ತಕ್ಕೆ ಎರಡು ಗೆದ್ದರೂ ಲಾಭವೇ!

ನಾನು ಇದನ್ನು ವಿವರಿಸಿದಾಗ ಚಿಕ್ಕಪ್ಪ ನಂಬಲಿಲ್ಲ. ಅಡಿಕೆ ವ್ಯಾಪಾರದವರು, ಲೆಕ್ಕ ತಾವೇ ಇನ್ನೊಂದು ಸಲ ಹಾಕಿದರು. ಸರಿ ಬಂತು. "ಹಾಗಾದ್ರೆ ಯಾಕೆ ಹೆದರ್ತಾರೆ?" ಅಂದರು.

ಹೆದರುವುದಕ್ಕೂ ಕಾರಣ ಇದೆ. ಎರಡನೇ ಸಲ ನಾಲ್ಕು ನಿಮಿಷ, ಅಲ್ಲಿಗೆ ಲೆಕ್ಕ ಬಿಗಿಯಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಅಳಿಸಿದ ಗೋಲ್ ಜನಕ್ಕೆ ಬೇಗ ಮರೆತುಹೋಗುತ್ತದೆ. ಸೋತ ಚಾಲೆಂಜ್ ಆದಮೇಲೆ ತಿಂದ ಗೋಲ್ ಮಾತ್ರ ಕೋಚ್ ಹೆಸರಿಗೇ ಅಂಟುತ್ತದೆ. 2022ರ ಮೇ 31ರಂದು ಎಡ್ಮಂಟನ್‌ಗೆ ಆದದ್ದು ಅದೇ. ಅದಕ್ಕೆ ಆಮೇಲೆ ಬರುತ್ತೇನೆ.

ಅಷ್ಟು ಬೇಗ ಕೋಚ್‌ಗೆ ತಪ್ಪು ಹೇಗೆ ಕಾಣುತ್ತದೆ?

ಅವರಿಗೆ ಕಾಣುವುದಿಲ್ಲ. ಕಾಣುವುದು ವಿಡಿಯೊ ಕೋಚ್‌ಗೆ. ಈತ ಟಿವಿಯಲ್ಲಿ ಹೆಚ್ಚು ಬರುವವನಲ್ಲ. ಡ್ರೆಸ್ಸಿಂಗ್ ರೂಮ್ ಹತ್ತಿರದ ಕೋಣೆಯಲ್ಲಿ ನಾಲ್ಕಾರು ಪರದೆ ಇಟ್ಟುಕೊಂಡು ಕೂತಿರುತ್ತಾನೆ. ಎದುರಾಳಿ ಬ್ಲೂ ಲೈನ್ ದಾಟಿದಾಗಲೆಲ್ಲ ಸಂಶಯ ಇದ್ದರೆ ಗುರುತು ಹಾಕಿಕೊಳ್ಳುತ್ತಾನೆ. ಗೋಲ್ ಬಿದ್ದ ತಕ್ಷಣ ಹಿಂದೆ ಓಡಿಸಿ ನೋಡಿ, ಬೆಂಚಿನಲ್ಲಿರುವ ಸಹಾಯಕ ಕೋಚ್‌ನ ಕಿವಿಗೆ ಹೇಳುತ್ತಾನೆ. ಆಟ ಮತ್ತೆ ಶುರು ಮಾಡುವ ಫೇಸ್‌ಆಫ್‌ಗೆ ಪಕ್ ಬೀಳುವುದರೊಳಗೆ ಇದೆಲ್ಲ ಆಗಬೇಕು. ಅಲ್ಲಿಯವರೆಗೆ ಹೆಡ್ ಕೋಚ್ ರೆಫರಿಯನ್ನು ಏನೋ ಮಾತಾಡಿಸುತ್ತಾ ಸಮಯ ತಳ್ಳುತ್ತಾನೆ. ನೋಡೋಕೆ ಮಜಾ ಇರುತ್ತದೆ.

2024ರ ಫೈನಲ್‌ನ ಆರನೇ ಪಂದ್ಯದಲ್ಲಿ ಎಡ್ಮಂಟನ್ 2-0 ಮುಂದಿತ್ತು. ಎರಡನೇ ಗೋಲ್ ಬಿದ್ದು ಹತ್ತೇ ಸೆಕೆಂಡಿಗೆ ಫ್ಲಾರಿಡಾದ ನಾಯಕ ಅಲೆಕ್ಸಾಂಡರ್ ಬಾರ್ಕೊವ್ ಒಂದು ವಾಪಸ್ ಹೊಡೆದ. ಎಡ್ಮಂಟನ್ ಚಾಲೆಂಜ್ ಮಾಡಿತು. ಸ್ಯಾಮ್ ರೈನ್‌ಹಾರ್ಟ್ ಒಂಚೂರು ಮೊದಲೇ ಗೆರೆ ದಾಟಿದ್ದ. ಬರಿಗಣ್ಣಿಗೆ ಕಾಣುವ ಮಾತೇ ಇಲ್ಲ. ಗೋಲ್ ಅಳಿಸಿತು, ಎಡ್ಮಂಟನ್ 5-1ರಲ್ಲಿ ಗೆದ್ದು ಫೈನಲನ್ನು ಏಳನೇ ಪಂದ್ಯಕ್ಕೆ ಎಳೆಯಿತು. ಅವತ್ತು ರಾತ್ರಿ ಗೋಲ್ ಹೊಡೆದವರಷ್ಟೇ ಮಾತು ಆ ವಿಡಿಯೊ ಕೋಚ್ ಬಗ್ಗೆಯೂ ನಡೆಯಿತು. ಏಳನೇ ಪಂದ್ಯ ಫ್ಲಾರಿಡಾ ಗೆದ್ದಿತು, 2-1.

ಆಫ್‌ಸೈಡ್ ಅಂದರೆ ಗೆರೆ ದಾಟಿದನಾ ಇಲ್ಲವಾ ಅಷ್ಟೇ ತಾನೆ? ಅದರಲ್ಲಿ ವಾದ ಏನಿದೆ?

ನಿಯಮ ಹೇಳೋಕೆ ಸುಲಭ. ಬ್ಲೂ ಲೈನನ್ನು ಪಕ್ಕಿಗಿಂತ ಮೊದಲು ಆಟಗಾರ ದಾಟಬಾರದು. ಎರಡೂ ಸ್ಕೇಟು ಪೂರ್ತಿ ಆಚೆ ಹೋಗಿದ್ದರೆ ಆಫ್‌ಸೈಡ್. ಒಂದು ಕಾಲು ಗೆರೆಯ ಮೇಲಿದ್ದರೂ ಸರಿ.

ಚಾಲೆಂಜ್ ಬಂದಮೇಲೆ ಹೊಸ ಪ್ರಶ್ನೆ ಎದ್ದಿತು. ಹಿಂದಿನ ಕಾಲು ಗೆರೆಯ ಮೇಲೇ ಇದೆ, ಆದರೆ ಐಸ್‌ಗೆ ತಾಗಿಲ್ಲ, ಒಂದಿಂಚು ಗಾಳಿಯಲ್ಲಿದೆ. ಅದು ಆಫ್‌ಸೈಡಾ? ಆಗಿನ ನಿಯಮದ ಪ್ರಕಾರ ಹೌದು. ಎಷ್ಟೋ ಒಳ್ಳೊಳ್ಳೆ ಗೋಲ್ ಹೀಗೆ ಅಳಿಸಿಹೋದವು. ಸ್ಕೇಟಿನ ಅಡಿಯಲ್ಲಿ ಬಿಳಿ ಐಸ್ ಕಾಣುತ್ತದಾ ಅಂತ ಚಿತ್ರ ಹಿಗ್ಗಿಸಿ ನೋಡುವುದು. ಕೊನೆಗೆ ಬೇಸತ್ತು 2020-21ರಲ್ಲಿ ಬದಲಾಯಿಸಿದರು. ಈಗ ಕಾಲು ಗಾಳಿಯಲ್ಲಿದ್ದರೂ ಗೆರೆಯ ನೇರ ಮೀರಿರದಿದ್ದರೆ ಸಾಕು.

ಇನ್ನು ಆ ಎಡ್ಮಂಟನ್ ಕಥೆ. 2022ರ ವೆಸ್ಟರ್ನ್ ಕಾನ್ಫರೆನ್ಸ್ ಫೈನಲ್‌ನ (ಕಪ್ ಫೈನಲ್‌ಗೆ ಮುಂಚಿನ ಸುತ್ತು) ಮೊದಲ ಪಂದ್ಯ. ಮೊದಲ ಪೀರಿಯಡ್ ಮುಗಿಯೋಕೆ ಇನ್ನೇನು 14 ಸೆಕೆಂಡ್ ಇದೆ. ಕೊಲರಾಡೊದ ಕೇಲ್ ಮಕಾರ್ ಪಕ್ ತಗೊಂಡು ಬ್ಲೂ ಲೈನ್ ದಾಟಿ ಗೋಲ್ ಹೊಡೆದ. ಅವನ ತಂಡದ ನಿಚುಶ್ಕಿನ್ ಆಗಲೇ ಒಳಗಿದ್ದ, ಹೊರಗೆ ಬರುತ್ತಿದ್ದ. ಟಿವಿಯಲ್ಲಿ ನೋಡಿದ ಯಾರಿಗಾದರೂ ಆಫ್‌ಸೈಡ್ ಅನ್ನಿಸುತ್ತಿತ್ತು. ನನಗೂ ಅನ್ನಿಸಿತು. ಎಡ್ಮಂಟನ್ ಚಾಲೆಂಜ್ ಮಾಡಿತು.

ಗೋಲ್ ಉಳಿಯಿತು. ಕಾರಣ ಕೇಳಿ. ಒಳಗಿರುವ ಆಟಗಾರ ಗೆರೆಗೆ ವಾಪಸ್ ಬಂದು ಮುಟ್ಟುವವರೆಗೂ ಒಳಗೆ ಹೋದ ಪಕ್ಕನ್ನು ಅವನ ತಂಡದ ಯಾರೂ ಮುಟ್ಟದಿದ್ದರೆ ತಪ್ಪಿಲ್ಲ. ಮಕಾರ್ ಗೆರೆಯ ಹತ್ತಿರ ಪಕ್ಕನ್ನು ಮುಂದಕ್ಕೆ ತಳ್ಳಿದ್ದ. ಅದು ಸ್ಟಿಕ್ ಬಿಟ್ಟು ತಾನೇ ಜಾರಿ ಹೋಗುತ್ತಿತ್ತು. ಅವನು ಮತ್ತೆ ಸ್ಟಿಕ್ ತಾಗಿಸುವ ಮೊದಲು ನಿಚುಶ್ಕಿನ್ ಕಾಲು ಗೆರೆಗೆ ಬಂದಿತ್ತು. ಕಣ್ಣು ರೆಪ್ಪೆ ಬಡಿಯುವಷ್ಟು ಅಂತರ. ಹಾಗಾದರೆ ಪಕ್ಕನ್ನು ತಳ್ಳಿಕೊಂಡು ಓಡುವವನ ಹತೋಟಿಯಲ್ಲಿ ಪಕ್ ಇತ್ತಾ ಇಲ್ಲವಾ? ಇದಕ್ಕೆ ಕ್ಯಾಮೆರಾದಲ್ಲಿ ಉತ್ತರ ಇಲ್ಲ, ನಿಯಮ ಓದುವ ರೀತಿಯಲ್ಲಿದೆ. ಎಡ್ಮಂಟನ್‌ಗೆ ಪೆನಾಲ್ಟಿ ಬಿತ್ತು. ಎರಡನೇ ಪೀರಿಯಡ್ ಶುರುವಾಗಿ ನಿಮಿಷ ತುಂಬುವುದರೊಳಗೆ ಆ ಪವರ್ ಪ್ಲೇಯಲ್ಲೇ ನಾಜೆಮ್ ಕಾದ್ರಿ ಇನ್ನೊಂದು ಗೋಲ್ ಹೊಡೆದ. ಪಂದ್ಯ 8-6. ಸರಣಿಯೂ ಕೊಲರಾಡೊಗೆ, ಆ ವರ್ಷದ ಕಪ್ಪೂ ಅವರಿಗೇ.

ಕ್ಯಾಮೆರಾ ಇರುವಾಗ ತಪ್ಪು ಹೇಗೆ ಆಗುತ್ತದೆ?

ಇದನ್ನು ಜನ ಯೋಚಿಸುವುದೇ ಇಲ್ಲ. ಒಳ್ಳೆ ಆಟಗಾರ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಗೆರೆ ದಾಟುತ್ತಾನೆ ಅಂದುಕೊಳ್ಳಿ. ಕ್ಯಾಮೆರಾ ಸೆಕೆಂಡಿಗೆ 60 ಚಿತ್ರ ಹಿಡಿಯುತ್ತದೆ ಅಂದುಕೊಳ್ಳಿ. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಅವನು ಸುಮಾರು 17 ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ. ಬ್ಲೂ ಲೈನಿನ ಅಗಲ 12 ಇಂಚು, ಅಂದರೆ 30 ಸೆಂಟಿಮೀಟರ್. ಎರಡು ಚಿತ್ರದ ಮಧ್ಯೆ ಅರ್ಧ ಗೆರೆಗಿಂತ ಜಾಸ್ತಿ ಹೋಗಿಬಿಟ್ಟ! ಆ ನಡುವೆ ಏನಾಯಿತು ಅಂತ ಯಾವ ಚಿತ್ರದಲ್ಲೂ ಇಲ್ಲ. ಜೊತೆಗೆ ಕ್ಯಾಮೆರಾ ಗೆರೆಗೆ ನೇರ ಇಲ್ಲದಿದ್ದರೆ ಮುಂದಿರುವುದು ಹಿಂದೆ ಕಾಣುತ್ತದೆ. ಬಸ್ಸಿನಲ್ಲಿ ಪಕ್ಕದ ಸೀಟಿನಿಂದ ಡ್ರೈವರ್‌ನ ಸ್ಪೀಡ್ ಮೀಟರ್ ಓದಿದ ಹಾಗೆ. ಅದಕ್ಕೇ ಗೆರೆಯ ನೇರಕ್ಕೇ ಕ್ಯಾಮೆರಾ ಇಟ್ಟಿದ್ದಾರೆ. ಆದರೂ ಮಧ್ಯೆ ಇನ್ನೊಬ್ಬನ ಕಾಲು ಅಡ್ಡ ಬರುವುದನ್ನು ತಪ್ಪಿಸೋಕೆ ಆಗಲ್ಲ.

ಸ್ಪಷ್ಟ ಸಾಕ್ಷಿ ಇಲ್ಲದಿದ್ದರೆ ಮೊದಲು ಕೊಟ್ಟ ತೀರ್ಪೇ ಉಳಿಯಬೇಕು ಅಂತ ನಿಯಮ ಇದೆ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯಲ್ಲಿ ಅತಿ ಒಳ್ಳೆ ಸಾಲು ಅದೇ.

ಪಕ್ಕಿಗೆ ಚಿಪ್ ಹಾಕಬಹುದಲ್ವಾ?

ಹಾಕಿದ್ದಾರೆ. 2021ರಿಂದ ಪಕ್ಕಿನ ಒಳಗೂ ಆಟಗಾರರ ಜೆರ್ಸಿಯಲ್ಲೂ ಸೆನ್ಸರ್ ಇದೆ. ವೇಗ, ಓಡಿದ ದೂರ ಎಲ್ಲ ಅದರಿಂದಲೇ ಟಿವಿಗೆ ಬರುತ್ತದೆ. ಆದರೆ ಆಟಗಾರನ ಸೆನ್ಸರ್ ಇರುವುದು ಭುಜದ ಹತ್ತಿರ. ಆಫ್‌ಸೈಡ್ ನೋಡುವುದು ಕಾಲನ್ನು.

ಗೋಲಿಗೆ ಅಡ್ಡಿ ಅನ್ನುವುದನ್ನು ಹೇಗೆ ತೀರ್ಮಾನಿಸುತ್ತಾರೆ?

ಇದನ್ನು ಹತ್ತು ಹಾಕಿ ಅಭಿಮಾನಿಗಳನ್ನು ಕೇಳಿ, ಹನ್ನೊಂದು ಉತ್ತರ ಬರುತ್ತದೆ.

ನಿಯಮ ಪುಸ್ತಕದ 69ನೇ ನಿಯಮ ಇದು. ಸಾರಾಂಶ ಇಷ್ಟು: ಕ್ರೀಸ್ ಒಳಗೆ ತನ್ನ ಜಾಗದಲ್ಲಿ ಓಡಾಡಿ ಪಕ್ ತಡೆಯುವ ಅವಕಾಶ ಗೋಲಿಗೆ ಇರಬೇಕು. ಎದುರಾಳಿ ಅದಕ್ಕೆ ಅಡ್ಡಿ ಮಾಡಿದ್ದರೆ ಗೋಲ್ ಇಲ್ಲ. ಆದರೆ ಗೋಲಿಯ ತಂಡದವನೇ ಎದುರಾಳಿಯನ್ನು ಗೋಲಿಯ ಮೇಲೆ ತಳ್ಳಿದ್ದರೆ? ತಾಗಿದ ಮೇಲೂ ಎದ್ದು ನಿಲ್ಲೋಕೆ ಗೋಲಿಗೆ ಸಮಯ ಇದ್ದಿದ್ದರೆ? ತಾಗಿದ್ದು ಗೋಲಿಯೇ ಕ್ರೀಸ್‌ನಿಂದ ಹೊರಗೆ ಬಂದಾಗಲಾದರೆ? ಒಂದೊಂದಕ್ಕೂ ಒಂದೊಂದು ಉತ್ತರ.

2024ರ ಮೇನಲ್ಲಿ ಬಾಸ್ಟನ್, ಫ್ಲಾರಿಡಾ ಸರಣಿಯ ನಾಲ್ಕನೇ ಪಂದ್ಯ. ಫ್ಲಾರಿಡಾದ ಸ್ಯಾಮ್ ಬೆನೆಟ್ ಗೋಲ್ ಮುಂದೆ ಬಾಸ್ಟನ್‌ನ ಚಾರ್ಲಿ ಕಾಯ್ಲ್‌ನನ್ನು ತಳ್ಳಿದ. ಕಾಯ್ಲ್ ಹೋಗಿ ತನ್ನದೇ ಗೋಲಿ ಸ್ವೇಮನ್ ಮೇಲೆ ಬಿದ್ದ. ಬೆನೆಟ್ ಪಕ್ ಒಳಗೆ ಹಾಕಿದ, ಪಂದ್ಯ 2-2 ಆಯಿತು. ಬಾಸ್ಟನ್ ಚಾಲೆಂಜ್ ಮಾಡಿತು, ಸೋತಿತು. ಆ ತಳ್ಳಾಟ ಗೋಲಿಯ ಕೆಲಸಕ್ಕೆ ಅಡ್ಡಿ ಆಗಲಿಲ್ಲ ಅಂತ ತೀರ್ಪು. ಫ್ಲಾರಿಡಾ 3-2ರಲ್ಲಿ ಗೆದ್ದಿತು. ನಾನು ಆ ದೃಶ್ಯ ಇಪ್ಪತ್ತು ಸಲ ನೋಡಿದ್ದೇನೆ. ಮೊದಲ ಹತ್ತು ಸಲ ಅಡ್ಡಿ ಅನ್ನಿಸಿತು, ಆಮೇಲೆ ಅನುಮಾನ ಬಂತು. ಇದು ಅಳತೆ ಮಾಡುವ ವಿಷಯ ಅಲ್ಲ, ಅಭಿಪ್ರಾಯದ ವಿಷಯ. ನಿಧಾನವಾಗಿ ಓಡಿಸಿ ನೋಡಿದರೆ ಅಭಿಪ್ರಾಯ ಕೊಡೋಕೆ ತಡವಾಗುತ್ತದೆ, ಅಷ್ಟೇ.

ಮೊದಲು ರಿಂಕ್‌ನಲ್ಲಿದ್ದ ರೆಫರಿಯೇ ಸಣ್ಣ ಟ್ಯಾಬ್ಲೆಟ್‌ನಲ್ಲಿ ನೋಡಿ ಹೇಳುತ್ತಿದ್ದ. ಒಂದೇ ಥರದ ಘಟನೆಗೆ ಒಂದೊಂದು ಊರಲ್ಲಿ ಒಂದೊಂದು ತೀರ್ಪು. 2018ರ ಮಾರ್ಚ್ ಕೊನೆಯಿಂದ ಕೊನೆ ಮಾತು ಟೊರೊಂಟೊದ್ದು. ಅಲ್ಲಿ ನಿವೃತ್ತ ರೆಫರಿಯೂ ಕೂತಿರುತ್ತಾರೆ. ಸ್ವಲ್ಪ ಸುಧಾರಿಸಿದೆ. ಬೈಯುವವರು ಕಮ್ಮಿ ಆಗಿಲ್ಲ.

2019ರಲ್ಲಿ ನಿಯಮ ಅಷ್ಟೊಂದು ಬದಲಾಗಿದ್ದು ಯಾಕೆ?

ಒಂದೇ ವಸಂತದಲ್ಲಿ ಎರಡು ಸಲ ಲೀಗ್‌ಗೆ ಮುಜುಗರ ಆಯಿತು. ಎರಡೂ ಸಲ ಲಾಭ ಆದದ್ದು ಸ್ಯಾನ್ ಹೊಸೆ ಶಾರ್ಕ್ಸ್‌ಗೇ.

ಮೊದಲನೆಯದು ಏಪ್ರಿಲ್ 23, ವೇಗಸ್ ಎದುರು ಏಳನೇ ಪಂದ್ಯ. ವೇಗಸ್ 3-0 ಮುಂದಿತ್ತು, ಹನ್ನೊಂದು ನಿಮಿಷವೂ ಉಳಿದಿರಲಿಲ್ಲ. ಫೇಸ್‌ಆಫ್‌ನಲ್ಲಿ ಕೋಡಿ ಈಕಿನ್ ತಳ್ಳಿದ್ದಕ್ಕೆ ಸ್ಯಾನ್ ಹೊಸೆ ನಾಯಕ ಜೋ ಪವೆಲ್ಸ್ಕಿ ಆಯತಪ್ಪಿ ಬಿದ್ದ, ತಲೆ ಐಸ್‌ಗೆ ಬಡಿದು ರಕ್ತ ಬಂತು. ರೆಫರಿಗಳು ಐದು ನಿಮಿಷದ ಮೇಜರ್ ಪೆನಾಲ್ಟಿ ಕೊಟ್ಟರು. ಎರಡು ನಿಮಿಷದ್ದಾದರೆ ಒಂದು ಗೋಲ್ ಬಿದ್ದ ಕೂಡಲೇ ಮುಗಿಯುತ್ತದೆ, ಮೇಜರ್ ಹಾಗಲ್ಲ. ಆ ಐದು ನಿಮಿಷದಲ್ಲಿ ಶಾರ್ಕ್ಸ್ ನಾಲ್ಕು ಗೋಲ್ ಹೊಡೆದರು! ಓವರ್‌ಟೈಮ್‌ನಲ್ಲಿ 5-4ಕ್ಕೆ ಗೆದ್ದರು. ಆಮೇಲೆ ಲೀಗ್ ವೇಗಸ್‌ನವರ ಕ್ಷಮೆ ಕೇಳಿತು. ಕ್ಷಮೆ ಇಟ್ಟುಕೊಂಡು ಅವರೇನು ಮಾಡಬೇಕು?

ಎರಡನೆಯದು ಮೇ 15, ಸೇಂಟ್ ಲೂಯಿಸ್ ವಿರುದ್ಧ. ಓವರ್‌ಟೈಮ್‌ನಲ್ಲಿ ಟೀಮೊ ಮೈಯರ್ ಪಕ್ಕನ್ನು ಕೈಯಿಂದ ತಳ್ಳಿದ, ಅದು ಇನ್ನೊಬ್ಬನಿಂದ ಎರಿಕ್ ಕಾರ್ಲ್‌ಸನ್‌ಗೆ ಹೋಗಿ ಗೋಲ್ ಆಯಿತು. ನಾಲ್ಕು ಜನ ಅಧಿಕಾರಿಗಳಲ್ಲಿ ಒಬ್ಬರೂ ನೋಡಲಿಲ್ಲ. ಮನೆಯಲ್ಲಿ ಕೂತವರೆಲ್ಲ ನೋಡಿದರು. ಟೊರೊಂಟೊದವರೂ ನೋಡಿರುತ್ತಾರೆ, ಆದರೆ ಆಗಿನ ನಿಯಮದಲ್ಲಿ ಇದು ರಿವ್ಯೂಗೆ ಬರುವ ವಿಷಯವೇ ಅಲ್ಲ. ಸೇಂಟ್ ಲೂಯಿಸ್ ಸರಣಿಯನ್ನೂ ಕಪ್ಪನ್ನೂ ಗೆದ್ದುಬಿಟ್ಟಿತು. ಇಲ್ಲದಿದ್ದರೆ ಇದೂ 1980ರ ಥರ ಇನ್ನು 40 ವರ್ಷ ನಡೆಯುತ್ತಿತ್ತು.

ಮುಂದಿನ ಸೀಸನ್‌ಗೆ ಎರಡಕ್ಕೂ ಔಷಧ ಬಂತು. ಕೈಯಲ್ಲಿ ಕೊಟ್ಟ ಪಾಸನ್ನು ಚಾಲೆಂಜ್ ಮಾಡಬಹುದು. ಹೊಡೆದಾಟ ಬಿಟ್ಟು ಉಳಿದ ಮೇಜರ್ ಪೆನಾಲ್ಟಿಗಳನ್ನು ರೆಫರಿಗಳೇ ಪರದೆಯಲ್ಲಿ ನೋಡಿ, ಬೇಕಿದ್ದರೆ ಎರಡು ನಿಮಿಷಕ್ಕೆ ಇಳಿಸಬಹುದು.

ಮಾಮೂಲಿ ಪೆನಾಲ್ಟಿಗಳನ್ನೂ ಚಾಲೆಂಜ್ ಮಾಡಬಹುದಾ?

ಇಲ್ಲ. ಕಾಲು ಕೊಟ್ಟು ಬೀಳಿಸಿದ್ದು, ಹಿಡಿದು ಎಳೆದದ್ದು, ಇದೆಲ್ಲ ರೆಫರಿಗೆ ಬಿಟ್ಟದ್ದು. ಇದನ್ನೂ ಬಿಟ್ಟರೆ ಪಂದ್ಯ ಬೆಳಗಾದರೂ ಮುಗಿಯಲ್ಲ.

ಕೊನೇ ನಿಮಿಷದಲ್ಲಿ ಕೋಚ್ ಯಾಕೆ ಸುಮ್ಮನಿರುತ್ತಾನೆ?

ಮೂರನೇ ಪೀರಿಯಡ್‌ನ ಕೊನೆಯ ನಿಮಿಷದಲ್ಲಿ, ಓವರ್‌ಟೈಮ್‌ನಲ್ಲಿ, ಕೋಚ್ ಕೇಳುವಂತಿಲ್ಲ. ಟೊರೊಂಟೊದವರೇ ನೋಡಿಕೊಳ್ಳುತ್ತಾರೆ.

ತೀರ್ಪು ಕೊಡುವವರು ಟೊರೊಂಟೊದಲ್ಲಿ ಕೂತರೆ ಟೊರೊಂಟೊ ತಂಡಕ್ಕೆ ಅನುಕೂಲ ಅಲ್ವಾ?

ಮೇಪಲ್ ಲೀಫ್ಸ್ ಕಪ್ ಗೆದ್ದು 1967ಕ್ಕೆ ನಿಂತಿದೆ. ಅನುಕೂಲ ಆಗಿದ್ದರೆ ಎಲ್ಲೋ ಕಾಣಬೇಕಿತ್ತು.

ನಮ್ಮ ಹಾಕಿಯಲ್ಲಿ, ಕ್ರಿಕೆಟ್‌ನಲ್ಲಿ ಇದು ಹೇಗಿದೆ?

ನಮ್ಮ ಹಾಕಿಯಲ್ಲಿ ಕೋಚ್ ಅಲ್ಲ, ಆಟಗಾರರೇ ಕೇಳುತ್ತಾರೆ. ಕೈಯಲ್ಲಿ ಟಿವಿ ಚೌಕ ಬರೆದು ತೋರಿಸುತ್ತಾರಲ್ಲ, ಅದು. ತಂಡಕ್ಕೆ ಒಂದು ರೆಫರಲ್. ಗೆದ್ದರೆ ಉಳಿಯುತ್ತದೆ, ಸೋತರೆ ಹೋಗುತ್ತದೆ. ಕ್ರಿಕೆಟ್‌ನ ಡಿಆರ್‌ಎಸ್ ಕೂಡ ಇದೇ ದಾರಿ. ಸೋತದ್ದಕ್ಕೆ ಒಬ್ಬ ಆಟಗಾರನನ್ನು ಎರಡು ನಿಮಿಷ ಹೊರಗೆ ಕೂರಿಸುವುದು ಐಸ್ ಹಾಕಿಯಲ್ಲೇ.

ಕ್ರಿಕೆಟ್‌ನಲ್ಲಿ ನನಗೆ ಇಷ್ಟ ಆಗುವುದು ಅಂಪೈರ್ಸ್ ಕಾಲ್. ಅಂಚಿನಲ್ಲಿ ಯಂತ್ರಕ್ಕೂ ಪೂರ್ತಿ ಗೊತ್ತಾಗಲ್ಲ ಅಂತ ಒಪ್ಪಿಕೊಂಡ ನಿಯಮ ಅದು. ಐಸ್ ಹಾಕಿಯ ಆಫ್‌ಸೈಡ್‌ಗೆ ಅಂಥ ಅಂಚು ಇಲ್ಲ.

ವಿಡಿಯೊ ಬಂದರೆ ಜಗಳ ಮುಗಿಯುತ್ತದೆ ಅನ್ನುವವರು 2024ರ ಪ್ಯಾರಿಸ್ ಒಲಿಂಪಿಕ್ಸ್ ನೆನಪಿಸಿಕೊಳ್ಳಲಿ. ಬ್ರಿಟನ್ ವಿರುದ್ಧ ಕ್ವಾರ್ಟರ್ ಫೈನಲ್‌ನಲ್ಲಿ ವಿಡಿಯೊ ನೋಡಿಯೇ ಅಮಿತ್ ರೋಹಿದಾಸ್‌ಗೆ ರೆಡ್ ಕಾರ್ಡ್ ಕೊಟ್ಟರು. ಹತ್ತೇ ಜನ ಆಡಿ 1-1 ಮಾಡಿಕೊಂಡು ಶೂಟೌಟ್‌ನಲ್ಲಿ 4-2ಕ್ಕೆ ಗೆದ್ದರು. ವಿಡಿಯೊ ತೀರ್ಪುಗಳು ಒಂದೇ ಥರ ಇಲ್ಲ ಅಂತ ಹಾಕಿ ಇಂಡಿಯಾ ದೂರು ಕೊಟ್ಟಿತು. ಚಿಕ್ಕಪ್ಪ ಇದನ್ನು ಈಗಲೂ ನಿನ್ನೆ ಆದ ಹಾಗೆ ಹೇಳುತ್ತಾರೆ.

ಇನ್ನೊಂದು ಅವರೇ ನೆನಪಿಸಿದ್ದು. ಅವರು ಆಡುವ ಕಾಲದಲ್ಲಿ ನಮ್ಮ ಹಾಕಿಯಲ್ಲೂ ಆಫ್‌ಸೈಡ್ ಇತ್ತು. 1990ರ ದಶಕದಲ್ಲಿ ಆ ನಿಯಮವನ್ನೇ ಕಿತ್ತು ಹಾಕಿದರು. "ಗೆರೆ ಬಗ್ಗೆ ಜಗಳ ಜಾಸ್ತಿ ಆದ್ರೆ ಗೆರೇನೇ ಅಳಿಸೋದು" ಅಂದರು. ಐಸ್ ಹಾಕಿಯಲ್ಲಿ ಅದು ಆಗುವ ಮಾತಲ್ಲ, ಬ್ಲೂ ಲೈನ್ ಇಲ್ಲದಿದ್ದರೆ ಆಟದ ಆಕಾರವೇ ಬದಲಾಗುತ್ತದೆ. ಆದರೂ ಅವರ ಮಾತು ನನ್ನ ತಲೆಯಿಂದ ಹೋಗಿಲ್ಲ.

ಚಾಲೆಂಜ್ ತೆಗೆದುಹಾಕಬೇಕು ಅನ್ನುವವರ ವಾದ ಏನು? ನೀವು ಯಾವ ಕಡೆ?

ಅವರ ಮೊದಲ ಮಾತು, ಗೋಲ್ ಬಿದ್ದ ಖುಷಿಯನ್ನೇ ಕಿತ್ತುಕೊಂಡರು ಅನ್ನುವುದು. ಕುಣಿಯಬೇಕಾ ಬೇಡವಾ ಅಂತ ಬೆಂಚಿನ ಕಡೆ ನೋಡಿಕೊಂಡು ಕುಣಿಯುವ ಹಾಗಾಯಿತು. ಎರಡನೆಯದು ಇನ್ನೂ ಗಟ್ಟಿ. ಪಕ್ ಒಳಗೆ ಬಂದು ಅರ್ಧ ನಿಮಿಷ ಆಟ ನಡೆದಿರುತ್ತದೆ. ಎದುರಾಳಿಗೆ ಹೊರಗೆ ಹಾಕೋಕೆ ಮೂರು ಅವಕಾಶ ಸಿಕ್ಕಿ ಮೂರೂ ಕೈಬಿಟ್ಟಿರುತ್ತಾರೆ. ಆಮೇಲೆ ಗೋಲ್ ತಿಂದು, ಆಗ ಒಳಗೆ ಬರುವಾಗ ಕಾಲು ಎರಡು ಬೆರಳು ಮುಂದಿತ್ತು ಅಂತ ಗೋಲ್ ಅಳಿಸುತ್ತಾರೆ, ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ. ಆ ಎರಡು ಬೆರಳಿಗೂ ಈ ಗೋಲ್‌ಗೂ ಏನು ಸಂಬಂಧ?

ಪರ ಇರುವವರ ಉತ್ತರವೂ ಸರಿಯೇ. ಗೆರೆ ಅಂದರೆ ಗೆರೆ. ಇಷ್ಟು ಬಿಡಬಹುದು ಅಂದರೆ ಆ "ಇಷ್ಟು" ಎಷ್ಟು ಅಂತ ಹೊಸ ಜಗಳ.

ನಾನು ತೆಗೆಯಬೇಡಿ ಅನ್ನುವ ಕಡೆ. ಡುಶೇನ್ ಥರದ್ದು ಫೈನಲ್‌ನಲ್ಲಿ ಆಗುವುದು ಯಾರಿಗೂ ಬೇಡ. ಆದರೆ ಆಫ್‌ಸೈಡನ್ನು ಆಟದ ವೇಗದಲ್ಲೇ ಓಡಿಸಿ ನೋಡಲಿ, ಒಂದು ನಿಮಿಷ ಕೊಡಲಿ. ಅಷ್ಟರಲ್ಲಿ ತಪ್ಪು ಕಾಣದಿದ್ದರೆ ಲೈನ್ಸ್‌ಮನ್ ಹೇಳಿದ್ದೇ ಸರಿ. ಈ ಲೆಕ್ಕದಲ್ಲಿ ಬಾರ್ಕೊವ್‌ನ ಗೋಲ್ ಉಳಿಯುತ್ತಿತ್ತು, ಎಡ್ಮಂಟನ್ ಆರನೇ ಪಂದ್ಯದಲ್ಲೇ ಮನೆಗೆ ಹೋಗುತ್ತಿತ್ತೋ ಏನೋ. ಎಡ್ಮಂಟನ್‌ನಲ್ಲಿರುವ ನನ್ನ ಗೆಳೆಯನೊಬ್ಬ, ನಾನು ಇದನ್ನು ಹೇಳಿದ ದಿನ ಫೋನ್ ಇಟ್ಟುಬಿಟ್ಟ. ಸೋತವರಿಗೆ ಎರಡು ನಿಮಿಷದ ಪೆನಾಲ್ಟಿ ಇರಲಿ, ಅದಿಲ್ಲದಿದ್ದರೆ ಪ್ರತಿ ಗೋಲ್‌ಗೂ ರಿವ್ಯೂ. ಗೋಲಿಗೆ ಅಡ್ಡಿ ವಿಷಯಕ್ಕೆ ಕ್ಯಾಮೆರಾ ಜಾಸ್ತಿ ಮಾಡಿ ಪ್ರಯೋಜನ ಇಲ್ಲ. ಆ ನಿಯಮವನ್ನೇ ಇನ್ನೊಂದು ಸಲ ಕೂತು ಬರೆಯಬೇಕು.

ಹಾಗಾದರೆ ಮನೆಯಲ್ಲಿ ನೋಡುವವರು ಯಾವಾಗ ಕುಣಿಯಬೇಕು?

ಗೋಲ್ ಬಿದ್ದ ಕೂಡಲೇ ಹೊಡೆದವರನ್ನು ನೋಡಬೇಡಿ, ತಿಂದವರ ಬೆಂಚ್ ನೋಡಿ. ಸಹಾಯಕ ಕೋಚ್ ಟ್ಯಾಬ್ಲೆಟ್ ಕಡೆ ಬಗ್ಗಿದ್ದಾನಾ, ಕಿವಿಗೆ ಕೈ ಇಟ್ಟಿದ್ದಾನಾ, ಹೆಡ್ ಕೋಚ್ ರೆಫರಿಗೆ ಬಾ ಅನ್ನುತ್ತಿದ್ದಾನಾ? ಹೌದಾದರೆ ಸ್ವಲ್ಪ ತಡೆಯಿರಿ. ಮಧ್ಯದ ಚುಕ್ಕೆಯಲ್ಲಿ ಪಕ್ ಬಿತ್ತು ಅಂದರೆ ಮುಗಿಯಿತು, ಆಮೇಲೆ ಕೋಚ್ ಆ ಗೋಲನ್ನು ಪ್ರಶ್ನಿಸುವಂತಿಲ್ಲ. ಚಿಕ್ಕಪ್ಪ ಊರಿಗೆ ಹೋಗುವ ಹೊತ್ತಿಗೆ ಇದನ್ನು ಚೆನ್ನಾಗಿ ಕಲಿತಿದ್ದರು. ಗೋಲ್ ಬಿದ್ದರೂ ಲೋಟ ಕೆಳಗಿಡುತ್ತಿರಲಿಲ್ಲ. ಪಕ್ ಬೀಳುವುದರೊಳಗೆ ಕಾಫಿ ಕುಡಿದು ಮುಗಿಸಿ, ಆಮೇಲೆ ಚಪ್ಪಾಳೆ ತಟ್ಟುತ್ತಿದ್ದರು.